ಅಲ್ಪ ಕಾರ್ಯದಲ್ಲಿ ನಂಬಿಗಸ್ತಿಕೆ

ಮಿಶನ್ ಶಾಲೆಗಳಲ್ಲಿ ಕಲಿತು ಹೊರಟ ಹೆಣ್ಣುಮಕ್ಕಳು ಬಹುಕಾಲದಿಂದಲೂ ಎರಡು ವೃತ್ತಿಗಳನ್ನು ವಿಶೇಷವಾಗಿ ಆರಿಸಿಕೊಳ್ಳುತ್ತ ಬಂದಿರುವುದು ವಾಚಕರಿಗೆ ತಿಳಿದ ವಿಷಯವೇ. ಅವುಗಳಲ್ಲಿ ಒಂದು ಉಪಾಧ್ಯಾಯಿನಿಯ ವೃತ್ತಿ. ಮತ್ತೊಂದು ಶುಶ್ರೂಷಕಿಯ ವೃತ್ತಿ. 1918ರಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರು ವೆಲ್ಲೂರಿನಲ್ಲಿ ಸ್ತ್ರೀಯರಿಗಾಗಿ ವೈದ್ಯಕೀಯ ಶಾಲೆಯನ್ನು ತೆರೆದಾಗಲೂ, 1923ರಲ್ಲಿ ಡಾಕ್ಟರ್ ಈವಾ ಲೊಂಬಾರ್ಡ್ ಅವರು ಉಡುಪಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ಆರಂಭಿಸಿದಾಗಲೂ, ಅಂಥ ಸೇವೆಗೆ ಬೇಕಾಗಿದ್ದುದು ಓದುಬರಹ ಬಲ್ಲ, ಶುಚಿತ್ವದ ಅಭ್ಯಾಸವುಳ್ಳ ಹೆಣ್ಣುಮಕ್ಕಳೇ. ಇಂದಿಗೂ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಹಲವರು ರೋಗಿಗಳ ಮಗ್ಗುಲಲ್ಲಿ ನಿಂತು ಸೇವೆ ಮಾಡುತ್ತಿರುವರು. ಉಳಿದವರಾದರೂ ತಾಯಿತಂದೆಗಳ ಅಥವಾ ಮಕ್ಕಳ ಹಾಸಿಗೆಯ ಬಳಿ ಒಂದಲ್ಲ ಒಂದು ದಿನ ಕುಳಿತಿರಬೇಕಾಗುವವರೇ. ಆದುದರಿಂದ ಆಸ್ಪತ್ರೆಗೆ ಸಂಬಂಧಪಟ್ಟ ಒಂದು ಸಣ್ಣ ಕಾರ್ಯದ ಕುರಿತು ಶಾಲೆಯ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವುದು ಅಸಂಗತವಾಗದೆಂದು ನಂಬಿದ್ದೇವೆ.

ಆ ಕಾರ್ಯವು ಯಾವುದೆಂದರೆ, ರಕ್ತನಾಳಕ್ಕೆ ಹಾಕಿದ ನಳಿಗೆಯ ಬಾಯನ್ನು ಪ್ರತಿಸಲವೂ ಔಷಧ ಕೊಡುವ ಮುನ್ನ ಉಜ್ಜಿ ಶುದ್ಧಿಮಾಡುವುದು. ಇಂದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್, ಲವಣಜಲ, ರಕ್ತ, ನಾನಾ ವಿಧವಾದ ಔಷಧಗಳು ರೋಗಿಯ ರಕ್ತನಾಳದ ಮೂಲಕವೇ ಹೋಗುತ್ತವೆ. ಸಾಮಾನ್ಯ ರೋಗಿಗೆ ಕೈಯಲ್ಲಿ ಒಂದು ಸಣ್ಣ ನಳಿಗೆ ಇರುತ್ತದೆ. ಕಾಯಿಲೆ ಹೆಚ್ಚಾದವರಿಗೆ ಕತ್ತಿನಲ್ಲೋ ಎದೆಯ ಮೇಲ್ಭಾಗದಲ್ಲೋ ಉದ್ದವಾದ ನಳಿಗೆಯನ್ನು ಹಾಕುತ್ತಾರೆ. ಅದರ ತುದಿಯು ಹೃದಯದ ಸಮೀಪದ ದೊಡ್ಡ ರಕ್ತನಾಳದಲ್ಲಿರುತ್ತದೆ. ಅದಕ್ಕೆ ಸೆಂಟ್ರಲ್ ಲೈನ್ ಎಂದು ಹೆಸರು. ಈ ನಳಿಗೆಗಳ ಹೊರತುದಿಯಲ್ಲಿ ಸಿರಿಂಜನ್ನು ಜೋಡಿಸುವ ಬಾಯಿಗೆ ಪೋರ್ಟ್ ಎನ್ನುವರು. ಅದು ರೋಗಿಯ ಹೊದಿಕೆಗೆ ತಗಲುತ್ತದೆ, ಮೈಯ ಬೆವರಿಗೆ ತಗಲುತ್ತದೆ, ಹತ್ತು ಜನರ ಕೈಗೆ ತಗಲುತ್ತದೆ. ನೋಡುವ ಕಣ್ಣಿಗೆ ಅದು ಶುಚಿಯಾಗಿಯೇ ಇರುತ್ತದೆ. ಆದರೆ ಸ್ಟಫೈಲೊಕಾಕಸ್, ಕ್ಲೆಬ್ಸಿಯೆಲ್ಲಾ, ಕ್ಯಾಂಡಿಡಾ ಮೊದಲಾದ ಸೂಕ್ಷ್ಮಜೀವಿಗಳು ಅದರ ಮೇಲೆ ಕುಳಿತಿರಬಹುದು. ಬಾಯಿಂದ ಒಳಹೋದ ಕೊಳೆಯನ್ನು ಎದುರಿಸಲು ಜಠರದಲ್ಲಿ ಆಮ್ಲವುಂಟು. ಮೈಮೇಲೆ ಬಿದ್ದ ಕೊಳೆಯನ್ನು ತಡೆಯಲು ಚರ್ಮವುಂಟು. ಪೋರ್ಟಿನ ಮೂಲಕ ಹೋದದ್ದನ್ನು ತಡೆಯಲು ಯಾವ ಬಾಗಿಲೂ ಇಲ್ಲ. ಅದು ನೆಟ್ಟಗೆ ರಕ್ತವನ್ನೇ ಸೇರುತ್ತದೆ. ಅಷ್ಟು ಮಾತ್ರವಲ್ಲ, ನಳಿಗೆಯ ಒಳಮೈಯಲ್ಲಿ ಈ ಜೀವಿಗಳು ಲೋಳೆಯಂಥ ಪದರವನ್ನು ಕಟ್ಟಿಕೊಂಡವೆಂದರೆ ಔಷಧಗಳು ಅವುಗಳನ್ನು ಸುಲಭವಾಗಿ ಮುಟ್ಟಲಾರವು. ಅನೇಕ ವೇಳೆ ನಳಿಗೆಯನ್ನೇ ತೆಗೆಯಬೇಕಾಗುತ್ತದೆ.

ಇದಕ್ಕೆ ಪರಿಹಾರವು ಅತಿ ಸುಲಭವಾದುದು. ಮೊದಲು ಕೈಗಳನ್ನು ಶುದ್ಧಿಮಾಡಿಕೊಳ್ಳಬೇಕು. ಕೈಗವಸು ತೊಟ್ಟ ಮಾತ್ರಕ್ಕೆ ಈ ಕರ್ತವ್ಯವು ತಪ್ಪದು. ಬಳಿಕ ನೂರಕ್ಕೆ 70ರಷ್ಟು ಆಲ್ಕೊಹಾಲ್ ಇರುವ, ಅಥವಾ ಆಲ್ಕೊಹಾಲಿನೊಡನೆ ಕ್ಲೋರ್‌ಹೆಕ್ಸಿಡಿನ್ ಸೇರಿದ ಹೊಸ ಒರಸುಬಟ್ಟೆಯಿಂದ ಪೋರ್ಟಿನ ತುದಿಯನ್ನೂ ಸುತ್ತಲಿನ ತಿರುಪಿನ ಅಂಚನ್ನೂ 5ರಿಂದ 15 ಸೆಕೆಂಡುಗಳ ಕಾಲ ಒತ್ತಿ ಉಜ್ಜಬೇಕು. ಮೇಲೆ ಮೇಲೆ ಸವರಿದರೆ ಸಾಲದು. ಪಾತ್ರೆಯ ಜಿಡ್ಡು ನೀರು ಹನಿಸಿದರೆ ಹೋಗದೆ ತಿಕ್ಕಿದರೆ ಹೋಗುವಂತೆ, ಇಲ್ಲಿಯೂ ತಿಕ್ಕುವುದೇ ಅರ್ಧ ಕೆಲಸ. ಆಮೇಲೆ ಅದು ತಾನಾಗಿ ಆರುವವರೆಗೆ ಕಾಯಬೇಕು. ಬಾಯಿಂದ ಊದಬಾರದು, ಬೀಸಬಾರದು. ಆರಿದ ತರುವಾಯ ಬೆರಳು ಸೋಕಿಸದೆ ಕ್ರಿಮಿರಹಿತ ಸಿರಿಂಜನ್ನು ಜೋಡಿಸಬೇಕು. ಮತ್ತೊಂದು ಸಲ ತೆರೆಯುವಾಗ ಮತ್ತೊಮ್ಮೆ ಹೀಗೆಯೇ. ಇಷ್ಟೇ ವಿಧಿ.

ಇಷ್ಟು ಸಣ್ಣ ವಿಧಿಯನ್ನು ಬಿಟ್ಟರೆ ಆಗುವ ಕೇಡು ಮಾತ್ರ ಸಣ್ಣದಲ್ಲ. 2017ರ ಮೇ ತಿಂಗಳಿಂದ 2018ರ ಅಕ್ಟೋಬರ್ ತಿಂಗಳವರೆಗೆ ನಮ್ಮ ದೇಶದ 26 ಆಸ್ಪತ್ರೆಗಳ 89 ತೀವ್ರ ನಿಗಾ ಘಟಕಗಳಲ್ಲಿ ಲೆಕ್ಕವಿಟ್ಟು ನೋಡಿದಾಗ, ಸೆಂಟ್ರಲ್ ಲೈನ್ ಬಳಕೆಯ ಪ್ರತಿ 1,000 ದಿನಗಳಿಗೆ ಸುಮಾರು 9 ರಕ್ತದ ಸೋಂಕುಗಳು ಕಂಡುಬಂದವು. ಎಂದರೆ, 100 ಮಂದಿ ರೋಗಿಗಳು ತಲಾ 10 ದಿನ ಈ ನಳಿಗೆಯನ್ನು ಹೊಂದಿದ್ದಲ್ಲಿ ಅವರಲ್ಲಿ ಸುಮಾರು 9 ಮಂದಿಗೆ, ತಾವು ಬಂದ ಕಾಯಿಲೆಯ ಮೇಲೆ, ಆಸ್ಪತ್ರೆಯೇ ಕೊಟ್ಟ ಇನ್ನೊಂದು ಕಾಯಿಲೆ. ದಿನ ತುಂಬದೆ ಹುಟ್ಟಿದ ಶಿಶುಗಳಿಗೂ, ಕ್ಯಾನ್ಸರಿನ ಔಷಧ ಪಡೆಯುವವರಿಗೂ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ಇದು ಪ್ರಾಣಕ್ಕೇ ಬರಬಹುದು. ಬದುಕಿ ಉಳಿದವರ ಮನೆಯವರಾದರೋ ಹೆಚ್ಚಿನ ದಿನಗಳ ಬಾಡಿಗೆಗೂ ಬೆಲೆಯುಳ್ಳ ಔಷಧಗಳಿಗೂ ಸಾಲಮಾಡಬೇಕಾಗುತ್ತದೆ.

ಹೀಗಿರಲಾಗಿ, ಈ ಕೆಲಸವು ಏಕೆ ತಪ್ಪಿಹೋಗುತ್ತದೆ? ಶುಶ್ರೂಷಕಿಯರಿಗೆ ತಿಳಿಯದೆ ಅಲ್ಲ. ಅವರಿಗೆ ಇದನ್ನು ಕಲಿಸಿಯೇ ಇರುತ್ತದೆ. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಒಬ್ಬಳ ವಶದಲ್ಲಿ 10 ಮಂದಿ ರೋಗಿಗಳು, ಒಂದು ಸರದಿಯಲ್ಲಿ ಒಬ್ಬೊಬ್ಬರ ಪೋರ್ಟನ್ನು 6 ಸಲ ತೆರೆಯಬೇಕೆಂದಿಟ್ಟುಕೊಳ್ಳಿ. ಒಟ್ಟು 60 ಸಲ. 15 ಸೆಕೆಂಡಿನಂತೆ ಉಜ್ಜುವುದಕ್ಕೇ 15 ನಿಮಿಷ. ಆರುವುದಕ್ಕೆ ಬಿಡುವ ಕಾಲ ಬೇರೆ. ಒಂದು ಕಡೆ ರೋಗಿ ಕೂಗುತ್ತಿರುವನು, ಇನ್ನೊಂದು ಕಡೆ ಡಾಕ್ಟರು ಕರೆಯುತ್ತಿರುವರು. ಅಂಥ ಸಮಯದಲ್ಲಿ ಯಾರೂ ನೋಡದ, ಬಿಟ್ಟರೂ ಕೂಡಲೇ ಕೇಡು ತೋರದ ಕೆಲಸವೇ ಮೊದಲು ಬಿಟ್ಟುಹೋಗುವುದು. ಆದಕಾರಣ ತಪ್ಪೆಲ್ಲವನ್ನೂ ದಾದಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾಕಷ್ಟು ಮಂದಿ ಶುಶ್ರೂಷಕಿಯರನ್ನು ನೇಮಿಸದೆ, ಒರಸುಬಟ್ಟೆಯನ್ನು ಪ್ರತಿ ಹಾಸಿಗೆಯ ಬಳಿ ಇಡದೆ, ಗೋಡೆಗೆ ನಿಯಮದ ಹಲಗೆಯನ್ನು ಮಾತ್ರ ತೂಗುಹಾಕುವ ಆಡಳಿತದವರೂ ಈ ಲೋಪಕ್ಕೆ ಪಾಲುದಾರರೇ.

ಆದರೆ ಕಾರಣವು ಇನ್ನೊಂದುಂಟು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದವು. ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ, ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಮರಣವು ಬಹಳ ಹೆಚ್ಚಾಗಿತ್ತು. ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ಹೆರಿಗೆ ಮಾಡಿಸುವುದು ಅದಕ್ಕೆ ಕಾರಣವೆಂದು ಡಾಕ್ಟರ್ ಸೆಮ್ಮೆಲ್‌ವೈಸ್ ಕಂಡುಕೊಂಡು, ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ಮೇ ತಿಂಗಳಲ್ಲಿ ತಂದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನ್ ತಿಂಗಳಲ್ಲಿ 2ರ ಸುಮಾರಿಗೆ ಇಳಿಯಿತು. ಆದಾಗ್ಯೂ ಆ ಕಾಲದ ಅನೇಕ ಪಂಡಿತರು ಅದನ್ನು ಒಪ್ಪಲಿಲ್ಲ. ದೊಡ್ಡವರ ಕೈ ಕೊಳೆಯಾಗಿದೆಯೆಂದು ಹೇಳಿಸಿಕೊಳ್ಳುವುದು ಅವರಿಗೆ ಸಹಿಸಲಾಗದ ಮಾತಾಗಿತ್ತು.

ಇದಕ್ಕೆ ಪ್ರತಿಯಾಗಿ, ನಮ್ಮ ಕಾಲದ ಇನ್ನೊಂದು ದೃಷ್ಟಾಂತವನ್ನು ನೋಡಿರಿ. ಅಮೆರಿಕದ ಮಿಶಿಗನ್ ಸಂಸ್ಥಾನದಲ್ಲಿ ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ಮತ್ತು ಅವರ ಸಂಗಡಿಗರು ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಸೆಂಟ್ರಲ್ ಲೈನ್ ಹಾಕುವುದಕ್ಕೆ ಐದು ಅಂಶಗಳ ಒಂದು ಪಟ್ಟಿಯನ್ನು ರೂಢಿಗೆ ತಂದರು. ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನಿನಿಂದ ಶುದ್ಧಿಮಾಡುವುದು, ಬೇಡವಾದ ನಳಿಗೆಯನ್ನು ತೆಗೆದುಬಿಡುವುದು ಮುಂತಾದವೇ ಅವು, ಹೊಸತೊಂದೂ ಇರಲಿಲ್ಲ. 2006ರಲ್ಲಿ ಪ್ರಕಟವಾದ ಅವರ ವರದಿಯಂತೆ, 1,000 ದಿನಗಳಿಗೆ ಸರಾಸರಿ 7.7ರಷ್ಟಿದ್ದ ಸೋಂಕು ಹದಿನೆಂಟು ತಿಂಗಳೊಳಗೆ 1.4ಕ್ಕೆ ಇಳಿಯಿತು. ಹೊಸತಾಗಿದ್ದುದು ಒಂದೇ: ಪಟ್ಟಿಯಲ್ಲಿನ ಒಂದಂಶ ತಪ್ಪಿದರೂ ಡಾಕ್ಟರನ್ನು ತಡೆದು ನಿಲ್ಲಿಸುವ ಅಧಿಕಾರವು ಪಕ್ಕದಲ್ಲಿ ನಿಂತ ಶುಶ್ರೂಷಕಿಗೆ ಕೊಡಲ್ಪಟ್ಟಿತ್ತು. ಅದು ನಳಿಗೆಯನ್ನು ಹಾಕುವ ಹೊತ್ತಿನ ನಿಯಮ. ಪೋರ್ಟನ್ನು ಉಜ್ಜುವುದು ಹಾಕಿದ ಮೇಲೆ ದಿನದಿನವೂ ನಡೆಯತಕ್ಕ ನಿಯಮ. ಆದರೆ ಎರಡಕ್ಕೂ ಕಾವಲು ಒಂದೇ. ತಪ್ಪನ್ನು ಕಂಡವಳು ಬಾಯಿ ತೆರೆಯುವುದು.

ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಇದು ಎಷ್ಟು ಕಷ್ಟವೆಂದು ನಾವು ಬಲ್ಲೆವು. ದೊಡ್ಡವರಿಗೆ ಎದುರು ಮಾತಾಡದವಳೇ ಒಳ್ಳೆಯ ಹುಡುಗಿಯೆಂದು ಮನೆಯಲ್ಲಿ ಹೇಳುತ್ತಾರೆ. ಪಾಠಶಾಲೆಯಲ್ಲಿಯೂ ಸುಮ್ಮನೆ ಕುಳಿತವಳಿಗೇ ಹೊಗಳಿಕೆ ಸುಲಭವಾಗಿ ದೊರೆಯುತ್ತದೆ. ವಿಧೇಯತೆಯು ಸದ್ಗುಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಧೇಯತೆಯು ಯಾರಿಗೆ ಸಲ್ಲತಕ್ಕದ್ದು? ಅವಸರದಲ್ಲಿರುವ ದೊಡ್ಡವರಿಗೋ, ಮಾತಾಡಲಾರದೆ ಮಲಗಿರುವ ರೋಗಿಗೋ? ರೋಗಿಯ ಕ್ಷೇಮಕ್ಕೆ ವಿಧೇಯಳಾದವಳು, “ಸಾರ್, ಒಂದು ನಿಮಿಷ, ಪೋರ್ಟನ್ನು ಇನ್ನೂ ಉಜ್ಜಿಲ್ಲ,” ಎಂದು ಹೇಳಲೇಬೇಕು. ಅದು ಅವಿನಯವಲ್ಲ. ಹೀಗೆ ಮಾತಾಡಲು ಕಲಿಸಿದರೆ ಮಗಳು ಮನೆಯಲ್ಲಿಯೂ ಮಾರುತ್ತರ ಕೊಟ್ಟಾಳೆಂದು ಕೆಲವು ಪೋಷಕರು ಅಂಜುವುದುಂಟು. ಮಾರುತ್ತರಕ್ಕೂ ಸತ್ಯವಾದ ಎಚ್ಚರಿಕೆಗೂ ಇರುವ ಭೇದವನ್ನು ತಿಳಿಸಿಕೊಡುವುದೇ ವಿದ್ಯೆಯಲ್ಲವೇ? ತನ್ನ ಅಭಿಮಾನಕ್ಕಾಗಿ ಆಡಿದ ಮಾತು ಮಾರುತ್ತರ. ಇನ್ನೊಬ್ಬರ ಪ್ರಾಣಕ್ಕಾಗಿ ಆಡಿದ ಮಾತು ಸೇವೆ.

ಅರಸುಗಳ ಎರಡನೆಯ ಪುಸ್ತಕದಲ್ಲಿನ ನಾಮಾನನ ವೃತ್ತಾಂತವನ್ನು ನಮ್ಮ ಹುಡುಗಿಯರು ಭಾನುವಾರದ ಶಾಲೆಯಲ್ಲಿಯೇ ಕೇಳಿರುತ್ತಾರೆ. ಆ ಮಹಾ ಸೇನಾಪತಿಗೆ ಕುಷ್ಠವು ವಾಸಿಯಾಗುವ ದಾರಿಯನ್ನು ಮೊದಲು ತಿಳಿಸಿದವಳು ಯಾರು? ಸೆರೆಯಾಗಿ ಬಂದು ಅವನ ಹೆಂಡತಿಯ ಸೇವೆಯಲ್ಲಿದ್ದ, ಹೆಸರು ಸಹ ಬರೆಯಲ್ಪಡದ ಒಬ್ಬ ಚಿಕ್ಕ ಹುಡುಗಿ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಶುದ್ಧನಾಗೆಂದು ಎಲೀಷನು ಹೇಳಿಕಳುಹಿಸಿದಾಗ, ಇದೇನು ಅಲ್ಪ ಕಾರ್ಯವೆಂದು ಕೋಪಿಸಿಕೊಂಡವನು ಆ ದೊಡ್ಡ ಮನುಷ್ಯನೇ. ಅವನ ಮನಸ್ಸನ್ನು ತಿರುಗಿಸಿದವರು ಅವನ ಸೇವಕರು. ತೊಳೆಯುವ ಕೆಲಸವನ್ನು ಅಲ್ಪವೆಂದೆಣಿಸುವ ಗರ್ವವೂ, ಕೆಳಗಿನವರು ವಿನಯದಿಂದ ಆಡಿದ ಮಾತಿನಿಂದ ಉಂಟಾದ ಸ್ವಸ್ಥತೆಯೂ ಆ ಒಂದೇ ಅಧ್ಯಾಯದಲ್ಲಿವೆ.

ಆದುದರಿಂದ ಶುಶ್ರೂಷಾವೃತ್ತಿಯಲ್ಲಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ನಾವು ಬೇಡುವುದೇನೆಂದರೆ, ನಿಮಗಿಂತ ಕಿರಿಯಳಾದವಳು ನಿಮ್ಮನ್ನು ತಡೆದರೆ ಸಿಡುಕದೆ ಉಪಕಾರವೆಂದೆಣಿಸಿರಿ. ಆಗ ನಾಳೆ ಅವಳು ಡಾಕ್ಟರನ್ನೂ ತಡೆಯಲು ಧೈರ್ಯಪಡುವಳು. ಹಾಸಿಗೆಯ ಬಳಿ ಕೂರುವ ಬಂಧುಗಳು ಪೋರ್ಟನ್ನೂ ಅದರ ಮುಚ್ಚಳವನ್ನೂ ತಾವಾಗಿ ಮುಟ್ಟದಿರಲಿ, “ಸಿಸ್ಟರ್, ಇದನ್ನು ಉಜ್ಜಿದಿರಾ? ಈ ನಳಿಗೆ ಇನ್ನೂ ಬೇಕೇ?” ಎಂದು ಮರ್ಯಾದೆಯಿಂದ ಕೇಳಲಿ. ಬೇಡವಾದ ನಳಿಗೆಯನ್ನು ತೆಗೆಯುವುದಕ್ಕಿಂತ ದೊಡ್ಡ ರಕ್ಷಣೆಯಿಲ್ಲ. ಹೆಣ್ಣುಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯಿತಂದೆಗಳಾದರೋ, ಅವರು ಮನೆಯಲ್ಲಿ ಒಂದು ತಪ್ಪನ್ನು ಮೆಲ್ಲಗೆ ತೋರಿಸಿದಾಗ ಬಾಯಿ ಮುಚ್ಚಿಸದಿರಲಿ. ಆ ನಾಲಿಗೆಯ ಧೈರ್ಯದಲ್ಲಿಯೇ ಮುಂದೆ ಒಬ್ಬ ಅಪರಿಚಿತ ರೋಗಿಯ ಪ್ರಾಣವು ನಿಂತಿರಬಹುದು.

— ಮುಖ್ಯೋಪಾಧ್ಯಾಯಿನಿ