ಟ್ರ್ಯಾಲಿ ಹಿಂದಕ್ಕೆ ಹೊಡೆದವರಿಗೆ ಗೊತ್ತು

ಸುಗ್ಗಿಯಲ್ಲಿ ಮಾನ್ವಿಯ ಅಕ್ಕಿ ಗಿರಣಿಗಳ ಮುಂದೆ ಒಂದು ತಾಸು ನಿಂತರೆ ವಿಮಾನ ಇಳಿಸುವ ಪಾಠ ಪುಕ್ಕಟೆ ಸಿಗುತ್ತದೆ. ಭತ್ತ ತುಂಬಿದ ಟ್ರ್ಯಾಲಿ ಸೊಟ್ಟಗಿದ್ದರೂ ಟ್ರ್ಯಾಕ್ಟರ್ ಎಳೆದಂತೆ ತಾನೇ ನೆಟ್ಟಗಾಗುತ್ತದೆ. ಅದನ್ನೇ ಹಿಂದಕ್ಕೆ ತಳ್ಳಿ ನೋಡಿ. ನಾಲ್ಕು ಬೆರಳು ವಾರೆಯಾದದ್ದು ನೋಡನೋಡುತ್ತಲೇ ಮಾರಗಲ ಆಗಿ ಮಡಚಿಕೊಳ್ಳುತ್ತದೆ.

ಬಾಲದಲ್ಲಿ ಚಕ್ರವಿರುವ ಸಣ್ಣ ವಿಮಾನದ ಕಥೆಯೂ ಇದೇ. ಅದರ ಭಾರದ ಕೇಂದ್ರ ಮುಖ್ಯ ಗಾಲಿಗಳ ಹಿಂದಿರುತ್ತದೆ. ಮೂತಿ ತುಸು ತಿರುಗಿತೋ, ಹಿಂದಿನ ಭಾರ ತಾನೇ ಮುಂದಾಗಲು ಹೊರಟು ಬಾಲ ಗರ್ರನೆ ಸುತ್ತಿ ಬರುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಅನ್ನುತ್ತಾರೆ. ಮೂಗಿನಡಿ ಚಕ್ರವಿರುವ ಸೆಸ್ನಾದಂಥದ್ದು ಎಳೆದ ಟ್ರ್ಯಾಲಿಯಂತೆ, ತಾನೇ ಸರಿಹೋಗುತ್ತದೆ.

ನಾನು ಎಪ್ಪತ್ತರ ದಶಕದಲ್ಲಿ ಕಲಿತದ್ದು ಪುಷ್ಪಕ್‌ನಲ್ಲಿ. ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ, ಎರಡೇ ಸೀಟಿನ, ಬಟ್ಟೆ ಹೊದಿಸಿದ ರೆಕ್ಕೆಯ ವಿಮಾನ. ಒಂದು ಮಧ್ಯಾಹ್ನ ಎಡಗಡೆಯಿಂದ ಗಾಳಿ. ಮೂರೂ ಗಾಲಿ ಒಟ್ಟಿಗೇ ಹೂವಿಟ್ಟಂತೆ ಇಳಿಸಿದೆ. ಇನ್ನೇನು ಮುಗಿಯಿತೆಂದು ಬೆವರು ಒರೆಸಲು ಕೈ ಎತ್ತಿದೆ, ಕಾಲೂ ಸಡಿಲವಾಯಿತು. ವೇಗ ತಗ್ಗಿದಂತೆ ಚುಕ್ಕಾಣಿಗೆ ಬಡಿಯುವ ಗಾಳಿ ತಗ್ಗುತ್ತದೆ, ಪೆಡಲನ್ನು ಹೆಚ್ಚು ತುಳಿಯಬೇಕಾದದ್ದೇ ಆಗ. ಮೂತಿ ಎಡಕ್ಕೆ ಹೊರಳಿತು. ಬಲಗಾಲು ಒತ್ತುವಷ್ಟರಲ್ಲಿ ಬಲರೆಕ್ಕೆಯ ತುದಿ ಹುಲ್ಲು ಗೀಚಿತ್ತು. ವಿಮಾನ ನಿಂತಾಗ ನನ್ನ ಮುಖ ಬಂದ ದಾರಿಯ ಕಡೆಗಿತ್ತು! ತಪ್ಪು ಪೂರಾ ನನ್ನದೇ. ಅಂಗೈಯಗಲ ಹರಿದ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ.

ಯರಮರಸ್ ವಿಮಾನ ನಿಲ್ದಾಣದ ಮಾತು ಬಂದರೆ ರಾಯಚೂರಿನಲ್ಲಿ ಎಲ್ಲರೂ ಕೇಳುವುದು ಬೆಂಗಳೂರಿಗೆ ಟಿಕೆಟ್ ಎಷ್ಟು ಅಂತ. ನನ್ನ ಬೇಡಿಕೆ ಬೇರೆ. ರನ್‌ವೇ ಪಕ್ಕ ಒಂದು ಹುಲ್ಲಿನ ಪಟ್ಟಿ, ಬಾಲಚಕ್ರದ ಎರಡು ವಿಮಾನ, ಪೈಲಟ್ ಆಗಬಯಸುವ ನಮ್ಮ ಮಕ್ಕಳಿಗೆ ತಲಾ ಹತ್ತು ತಾಸು. ಮುದುಕನ ಹುಚ್ಚು ಅನ್ನಬಹುದು. ದೊಡ್ಡ ವಿಮಾನಗಳಿಗೆಲ್ಲ ಮೂಗುಚಕ್ರವೇ ಇರುವಾಗ ಇದೇಕೆ ಎಂದೂ ಕೇಳಬಹುದು. ಅಡ್ಡಗಾಳಿ ಮಾತ್ರ ಯಾವ ಚಕ್ರವೆಂದು ಕೇಳಿ ಬೀಸುವುದಿಲ್ಲ. ಎಚ್‌ಎಎಲ್‌ನ ವಿನ್ಯಾಸಕ ಘಾಟಗೆಯವರು ರೂಪಿಸಿದ, 1951ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಎಚ್‌ಟಿ-2 ಕೂಡ ಬಾಲಚಕ್ರದ್ದೇ. ಬೀದರ್‌ನಲ್ಲಿ ವಾಯುಪಡೆಯ ಹುಡುಗರು ಕಾಲು ಪಳಗಿಸಿಕೊಂಡದ್ದು ಅದರಲ್ಲೇ. ಅಮೆರಿಕದಲ್ಲಂತೂ 1991ರಿಂದ ಇಂಥ ವಿಮಾನ ಹಾರಿಸಲು ಪ್ರತ್ಯೇಕ ತರಬೇತಿ, ಬೋಧಕರ ಸಹಿ ಬೇಕೇ ಬೇಕು.

ಕಳೆದ ತಿಂಗಳು ದೇವದುರ್ಗದ ಹುಡುಗನೊಬ್ಬ ಬಂದಿದ್ದ. ನೂರು ತಾಸು ಹಾರಿದ್ದಾನೆ, ಎಲ್ಲ ಮೂಗುಚಕ್ರದಲ್ಲಿ. "ಇಳಿದ ಮ್ಯಾಲೆ ಕಾಲಿಗೇನು ಕೆಲ್ಸ ಇರ್ತದ್ರಿ?" ಅಂದ. ಹೊಲದಲ್ಲಿ ಖಾಲಿ ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು. ಕೀಲಿ ಕೊಟ್ಟು, ಆ ಬೇವಿನ ಗಿಡದ ತನಕ ಹಿಂದಕ್ಕೆ ಹೊಡಿ ಅಂದೆ. ಮೂರು ಸಲ ಮಡಚಿತು. ನಾಲ್ಕನೇ ಸಲ ಬಾಯಿ ಮುಚ್ಚಿ, ಸ್ಟೀರಿಂಗನ್ನು ಚೂರುಚೂರೇ ಆಡಿಸುತ್ತ ಬೇವಿನ ನೆರಳು ಮುಟ್ಟಿಸಿದ. ಚಹಾಕ್ಕೆ ಕರೆದೆ, ಇಳಿಯಲಿಲ್ಲ. ಇನ್ನೊಂದು ಸಲ ಹೊಡೀತೀನ್ರಿ ಅಂದ.