ಪುಕ್ಕಟೆ ಓದುಗನೇ, ಲಂಕೇಶ್ ಹೆಸರೆತ್ತಬೇಡ!

ಕನ್ನಡದ ತರುಣನೇ, ತರುಣಿಯೇ,

ಜನವರಿ 25 ಬಂತೆಂದರೆ ನಿನ್ನ ಮೊಬೈಲಿನಲ್ಲಿ ಲಂಕೇಶರ ಫೋಟೊ. ‘ಅಂಥ ಸಂಪಾದಕರು ಈಗೆಲ್ಲಿದ್ದಾರೆ?’ ಎಂದು ನಿಟ್ಟುಸಿರು ಬೇರೆ. ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡ. ಕಳೆದ ತಿಂಗಳು ಜೇಬಿನಿಂದ ಕಾಸು ಬಿಚ್ಚಿ ನೀನು ಕೊಂಡ ಕನ್ನಡ ಪತ್ರಿಕೆ ಯಾವುದು?

ಉತ್ತರವಿಲ್ಲ ತಾನೇ? ಹಾಗಾದರೆ ಕೇಳು.

ನಾನು ಸಾಹಿತಿಯಲ್ಲ, ಪ್ರೊಫೆಸರನೂ ಅಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಇಳಿದವನು. ಪತ್ರಿಕೆ ಎಂದರೆ ನನಗೆ ಮೊದಲು ಕಾಣುವುದು ಕಾಗದ, ಇಂಕು, ಪ್ಲೇಟು, ಕರೆಂಟ್ ಬಿಲ್ಲು. ಆಮೇಲೆ ಆದರ್ಶ. ಅದಕ್ಕೇ ಲಂಕೇಶರ ಎದೆಗಾರಿಕೆ ನನಗೆ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ.

ಪಾಳ್ಯದ ಲಂಕೇಶ್ 1935ರಲ್ಲಿ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರು. ಕೂತು ಉಣ್ಣಬಹುದಾದ ಕೆಲಸ. ಬಿಟ್ಟರು! ‘ಸಂಸ್ಕಾರ’ ಚಿತ್ರದ ನಾರಣಪ್ಪನಾದರು, ‘ಪಲ್ಲವಿ’ ನಿರ್ದೇಶಿಸಿ ರಾಷ್ಟ್ರಪ್ರಶಸ್ತಿ ತಂದರು. ಇಂಗ್ಲಿಷ್ ಕಲಿಸಿದ ಮನುಷ್ಯ ಜಗಳಕ್ಕೆ, ಪ್ರೀತಿಗೆ, ಕಾವ್ಯಕ್ಕೆ ಆರಿಸಿಕೊಂಡದ್ದು ಕನ್ನಡವನ್ನು. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಜಾಹೀರಾತು ಇಲ್ಲದೆ!

ಈ ಎರಡು ಪದದ ತೂಕ ನಿನಗೆ ಗೊತ್ತೇ? ಸಣ್ಣ ಪತ್ರಿಕೆಯ ಮುಖಬೆಲೆಯಲ್ಲಿ ಏಜೆಂಟರ ಕಮಿಷನ್ ಹೋಗುತ್ತದೆ. ಮಾರದ ಪ್ರತಿ ವಾಪಸ್ ಬಂದು ರದ್ದಿಯಾಗುತ್ತದೆ. ಉಳಿದದ್ದರಲ್ಲಿ ಅಚ್ಚಿನ ಖರ್ಚೂ ಹುಟ್ಟುವುದು ಕಷ್ಟ. ಆ ಹಳ್ಳ ತುಂಬುವುದು ಜಾಹೀರಾತು. ತುಂಬಿದವನೇ ಒಂದು ದಿನ ಫೋನ್ ಮಾಡುತ್ತಾನೆ: ‘ಆ ಸುದ್ದಿ ಬೇಡ.’ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆ ಜಾಹೀರಾತು ನಿಂತ ಮೂರೇ ತಿಂಗಳಿಗೆ ಕಣ್ಣು ಮುಚ್ಚಿತು. ಲಂಕೇಶ್ ಈ ನೇಣಿಗೆ ಕತ್ತನ್ನೇ ಕೊಡಲಿಲ್ಲ. ಓದುಗನೇ ಮಾಲೀಕ ಎಂದರು. ಅವನನ್ನು ಜಾಣ, ಜಾಣೆ ಎಂದು ಕರೆದರು. ಆ ಜಾಣರು ಕೊಂಡು ಓದಿದರು.

ಕೊಂಡು ಓದಿದ್ದಕ್ಕೆ ಏನು ಸಿಕ್ಕಿತು? ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ಅಧಿಕಾರದ ಅಮಲನ್ನು ವಾರವಾರವೂ ಇಳಿಸುವ ಪತ್ರಿಕೆ ಸಿಕ್ಕಿತು. 1983ರಲ್ಲಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆ ಕುರ್ಚಿ ಏರಿದರು. ಲಂಕೇಶ್ ಭಟ್ಟಂಗಿಯಾದರೇ? ಇಲ್ಲ, ಅವರನ್ನೂ ಬಿಡಲಿಲ್ಲ. ಜಾಹೀರಾತಿನ ಹಂಗಿದ್ದವನಿಗೆ ಇದು ಸಾಧ್ಯವೇ?

ಬರೀ ಬೈಗುಳದ ಪತ್ರಿಕೆ ಎಂದು ಮೂಗು ಮುರಿಯುವವರಿಗೆ ಇಲ್ಲಿದೆ ಉತ್ತರ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಇದರಲ್ಲೇ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದ ಹಾಸನದ ಬಾನು ಮುಷ್ತಾಕ್ ಇದೇ ಪತ್ರಿಕೆಗೆ ವರದಿ ಬರೆದವರು. ಆ ಪ್ರಶಸ್ತಿಗೆ ನೀನು ಚಪ್ಪಾಳೆ ಹೊಡೆದೆಯಲ್ಲ, ಅದರಲ್ಲಿ ಅಂದಿನ ಬಡ ಓದುಗನ ಚಿಲ್ಲರೆ ಕಾಸೂ ಇದೆ!

ಲಂಕೇಶರ ಪುಟದ ಆಕಾರ ಕದ್ದವರು ಬಹಳ. ಅಡ್ಡಹೆಸರು, ಅಬ್ಬರದ ತಲೆಬರಹ, ಕೊನೆಗೆ ಬ್ಲ್ಯಾಕ್‌ಮೇಲು. ಅವರಿಗೆ ಬೆನ್ನುಮೂಳೆ ಕದಿಯಲು ಆಗಲಿಲ್ಲ. ಅಂಥವರನ್ನು ತೋರಿಸಿ ಎಲ್ಲ ಟ್ಯಾಬ್ಲಾಯ್ಡೂ ಕಸ ಎನ್ನುವುದು ಕೊಳ್ಳದವನ ನೆಪ.

2000ನೇ ಇಸವಿ ಜನವರಿ 25ರಂದು ಲಂಕೇಶ್ ಹೋದರು. ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದ ಮಗಳು ಗೌರಿ ಬಂದು ಸಂಪಾದಕಿಯಾದರು. 2005ರಲ್ಲಿ ತನ್ನದೇ ಪತ್ರಿಕೆ ಕಟ್ಟಿದರು. ಅದಕ್ಕೂ ಜಾಹೀರಾತಿಲ್ಲ. ಕೇಸುಗಳಿಗೆ ಕೋರ್ಟು ಅಲೆದರು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಸಾವಿರಾರು ಜನ ಬೀದಿಗಿಳಿದರು, ನಿಜ. ಅವರಲ್ಲಿ ಎಷ್ಟು ಮಂದಿ ಚಂದಾದಾರರಾಗಿದ್ದರು?

ಸತ್ತ ಸಂಪಾದಕನಿಗೆ ಹಾರ ಹಾಕುವುದು ಸುಲಭ, ಅವನು ತಿರುಗಿ ಬಿಲ್ಲು ಕೇಳುವುದಿಲ್ಲ. ಬದುಕಿರುವವನು ಕೇಳುತ್ತಾನೆ. ಒಂದು ಸಿನಿಮಾ ಟಿಕೆಟ್ಟಿನ ದುಡ್ಡಿನಲ್ಲಿ ಕನ್ನಡದ ಒಂದು ಸ್ವತಂತ್ರ ಪತ್ರಿಕೆಗೆ ಚಂದಾ ಕಟ್ಟು. ಓದು. ತಪ್ಪಿದ್ದರೆ ಸಂಪಾದಕನ ಕಾಲರ್ ಹಿಡಿದು ಕೇಳು, ಆ ಹಕ್ಕು ಕಾಸು ಕೊಟ್ಟವನದು. ನೀನು ಕೊಡದ ಕಾಸನ್ನು ಇನ್ಯಾರೋ ಕೊಡುತ್ತಾನೆ. ಆಮೇಲೆ ಪತ್ರಿಕೆ ಅವನ ಮಾತನ್ನೇ ಆಡುತ್ತದೆ!