ಬ್ಯಾಡಗಿ ಮೆಣಸಿನಕಾಯಿಗೆ ಇರುವ ಹಕ್ಕು

ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ನಿವೃತ್ತ ಗಣಿತ ಶಿಕ್ಷಕ.

ನನ್ನ ತಮ್ಮನ ಮಗಳು ಬಿ.ಎಸ್ಸಿ. ಮುಗಿಸಿ ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನು. ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದೆವು. ಅವುಗಳ ಹೆಸರು ಹೇಳುವುದಿಲ್ಲ. ಹತ್ತಿರದ್ದು, ದೂರದ್ದು, ದುಬಾರಿಯದ್ದು ಎಂದರೆ ಈ ಪತ್ರಕ್ಕೆ ಸಾಕು. ಹತ್ತಿರದ್ದಕ್ಕೆ ಬಸ್ಸಿನಲ್ಲಿ ದಿನಾ ಹೋಗಿ ಬರಬಹುದು. ದೂರದ್ದರ ಮೇಲೆ ಅವಳ ಮನಸ್ಸಿತ್ತು, ಆದರೆ ಹಾಸ್ಟೆಲ್ ಸಿಕ್ಕರೆ ಮಾತ್ರ. ದುಬಾರಿಯದ್ದು ಎಲ್ಲೂ ಸಿಗದಿದ್ದರೆ ಇರಲಿ ಎಂದು ಹಾಕಿದ್ದು.

ಮೂರಕ್ಕೂ ಬೇರೆ ಬೇರೆ ಶುಲ್ಕ, ಬೇರೆ ಬೇರೆ ಕೊನೆಯ ದಿನ. ಅದನ್ನೆಲ್ಲ ಹೇಗೋ ದಾಟಿದೆವು. ದಾಟಲಾಗದೆ ನಿಂತದ್ದು ಆಮೇಲಿನ ಕಾಯುವಿಕೆಯಲ್ಲಿ. ಹುಡುಗಿ ಬೆಳಿಗ್ಗೆ ಎದ್ದವಳೇ ಮೊಬೈಲ್ ಹಿಡಿದು ಮಾಳಿಗೆ ಹತ್ತುತ್ತಿದ್ದಳು, ನೆಟ್‌ವರ್ಕ್ ಅಲ್ಲಿ ಚೆನ್ನಾಗಿ ಸಿಗುತ್ತದೆಂದು. ದೂರದ್ದರ ಮೊದಲ ಪಟ್ಟಿ ಬಂತು, ಅವಳ ಹೆಸರಿರಲಿಲ್ಲ. ಸರಿ, ಕಾಯುವವರ ಸಾಲಿನಲ್ಲಿ ಎಷ್ಟನೆಯವಳು? ಮೂರನೆಯವಳೋ, ಮೂವತ್ತನೆಯವಳೋ? ಅದು ಪಟ್ಟಿಯಲ್ಲಿ ಇರಲಿಲ್ಲ. ಕಚೇರಿಗೆ ಫೋನ್ ಮಾಡಿದರೆ ‘ವೆಬ್‌ಸೈಟ್ ನೋಡ್ತಾ ಇರಿ’ ಎಂಬ ಉತ್ತರ. ಮೂರನೆಯವಳಾದರೆ ಕಾಯುತ್ತಿದ್ದೆವು, ಮೂವತ್ತನೆಯವಳಾದರೆ ಆಸೆ ಬಿಟ್ಟು ಹತ್ತಿರದ್ದಕ್ಕೆ ಸಿದ್ಧವಾಗುತ್ತಿದ್ದೆವು. ಒಂದು ಅಂಕಿ ಗೊತ್ತಿದ್ದರೆ ಸಾಕಿತ್ತು.

ಅಷ್ಟರಲ್ಲಿ ಒಂದು ಶುಕ್ರವಾರ ಸಂಜೆ ದುಬಾರಿಯದ್ದರಿಂದ ಎಸ್ಸೆಮ್ಮೆಸ್ ಬಂತು. ಪೇಮೆಂಟ್ ಸೀಟು ಸಿಕ್ಕಿದೆ, ಸೋಮವಾರ ನಾಲ್ಕು ಗಂಟೆಯೊಳಗೆ ಶುಲ್ಕ ತುಂಬಿ ಮೂಲ ದಾಖಲೆ ಒಪ್ಪಿಸಬೇಕು, ತಪ್ಪಿದರೆ ಸೀಟು ರದ್ದು. ಗೋವಿನಜೋಳ ಇನ್ನೂ ಹೊಲದಲ್ಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಒಕ್ಕಲುತನದ ಮನೆಯಲ್ಲಿ ರೊಕ್ಕ ಎಲ್ಲಿರುತ್ತದೆ ಹೇಳಿ. ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೇ ತಮ್ಮನ ಹೆಂಡತಿ ತನ್ನ ಬೋರಮಾಳವನ್ನು ಸೊಸೈಟಿಯಲ್ಲಿ ಅಡವಿಟ್ಟಳು. ಹಣ ತುಂಬುವ ಮುನ್ನ ಹುಡುಗಿ ನನ್ನ ಮುಖ ನೋಡಿ, ‘ದೊಡ್ಡಪ್ಪಾ, ಇದಕ್ಕ ರೊಕ್ಕ ತುಂಬಿದ ಮ್ಯಾಲ ಅದು ಬಂದ್ರ ಏನ್ ಮಾಡೂದು?’ ಎಂದಳು. ಮೂವತ್ತು ವರ್ಷಕ್ಕೂ ಮೇಲೆ ಲೆಕ್ಕ ಹೇಳಿಕೊಟ್ಟವನ ಬಳಿ ಉತ್ತರವಿರಲಿಲ್ಲ.

ಹನ್ನೆರಡು ದಿನಕ್ಕೆ ಅದೂ ಬಂತು. ದೂರದ್ದರ ಎರಡನೆಯ ಪಟ್ಟಿಯಲ್ಲಿ ಅವಳ ಹೆಸರು. ಎರಡು ದಿನದೊಳಗೆ ಟಿಸಿ ಮತ್ತು ಅಂಕಪಟ್ಟಿಗಳೊಂದಿಗೆ ಹಾಜರಾಗಬೇಕು. ಅವು ದುಬಾರಿಯದ್ದರ ಬೀರುವಿನಲ್ಲಿದ್ದವು. ಅರ್ಜಿ ಕೊಡಿ, ಮೇಲಿನವರ ಸಹಿಯಾಗಬೇಕು ಎಂದರು. ದಾಖಲೆ ಕೈಗೆ ಬಂದಾಗ ದೂರದ್ದರ ಕೌನ್ಸೆಲಿಂಗ್ ಮುಗಿದು ಒಂದು ದಿನವಾಗಿತ್ತು. ಬಂದ ದಾಖಲೆಯನ್ನು ಮರುದಿನ ದುಬಾರಿಯದ್ದಕ್ಕೇ ಒಯ್ದು ಒಪ್ಪಿಸಿದೆವು. ಓಡಾಟಕ್ಕೆಲ್ಲ ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ ಉಚಿತ, ನನಗೆ ಪೂರ್ತಿ. ಆ ಲೆಕ್ಕ ಬಿಡಿ.

ಸಚಿವರೇ, ನಮ್ಮ ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ತಾವು ನೋಡಿರಬಹುದು. ಸೋಮವಾರ, ಗುರುವಾರ ಚೀಲಗಳ ಸಾಲು ಕಣ್ಣು ಹಾಯುವಷ್ಟು ದೂರ. ಖರೀದಿದಾರರು ಕಾಯಿ ಹಿಡಿದು, ಮುರಿದು, ಬಣ್ಣ ನೋಡಿ ತಮ್ಮ ತಮ್ಮ ದರವನ್ನು ಟೆಂಡರಿಗೆ ಹಾಕುತ್ತಾರೆ. ಎಲ್ಲರ ದರವೂ ಒಂದೇ ಹೊತ್ತಿಗೆ ತೆರೆಯುತ್ತದೆ. ಒಪ್ಪಿಗೆಯಾಗದಿದ್ದರೆ ರೈತ ‘ಕೊಡೂದಿಲ್ಲ’ ಎಂದು ಚೀಲವನ್ನು ಮುಂದಿನ ಪೇಟೆಗೆ ಉಳಿಸಿಕೊಳ್ಳಬಹುದು. ಅಲ್ಲಿ ಎಲ್ಲ ಸುಸೂತ್ರ ಎಂದು ನಾನು ಹೇಳುತ್ತಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದು ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ರಾಜ್ಯವೇ ನೋಡಿದೆ. ಆದರೂ ಯಾರೋ ಒಬ್ಬ ಖರೀದಿದಾರ ಮುಂಚಿತವಾಗಿ ಬಂದು, ‘ಉಳಿದವರ ದರ ತೆರೆಯುವ ಮೊದಲೇ ಹೂಂ ಅನ್ನು, ಇಲ್ಲದಿದ್ದರೆ ನಿನ್ನ ಚೀಲ ಮುಟ್ಟುವುದಿಲ್ಲ’ ಎಂದರೆ ಆ ಪೇಟೆ ಸುಮ್ಮನಿರುವುದಿಲ್ಲ. ಒಣ ಮೆಣಸಿನಕಾಯಿಗೆ ಇರುವ ಈ ಹಕ್ಕು ನಮ್ಮ ಪದವೀಧರರಿಗೆ ಇಲ್ಲ. ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂಬುದರ ಮೇಲೆ ಇಲ್ಲಿ ತೀರ್ಮಾನವಾಗುವುದಿಲ್ಲ, ಯಾವುದು ಮೊದಲು ಅವಸರ ಮಾಡಿತು ಎಂಬುದರ ಮೇಲೆ ಆಗುತ್ತದೆ.

ಇದಕ್ಕೆ ದಾರಿ ಹುಡುಕಲು ವಿದೇಶಕ್ಕೆ ಹೋಗಬೇಕಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್ ಸೀಟು ಹಂಚುವಾಗ ವಿದ್ಯಾರ್ಥಿಯ ಆದ್ಯತೆಗಳನ್ನು ಸಾಲಾಗಿ ಬರೆಸಿಕೊಳ್ಳುತ್ತದೆ. ಸಿಕ್ಕಿದ್ದನ್ನು ಒಪ್ಪಿ ಸೇರಬಹುದು. ಸಿಕ್ಕಿದ್ದು ಇರಲಿ, ಮುಂದಿನ ಸುತ್ತಿಗೂ ಇರುತ್ತೇನೆ ಎನ್ನಬಹುದು. ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ ಎನ್ನಬಹುದು. ಪೂರ್ತಿ ಹೊರಗೂ ಹೋಗಬಹುದು. ನಾಲ್ಕು ಚಾಯ್ಸ್. ಎಂಬಿಎ, ಎಂಸಿಎ, ಎಂ.ಟೆಕ್.ಗೆ ಪಿಜಿ ಸಿಇಟಿ ಇದೆ. ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮಾಡುವವರು ಏನು ಪಾಪ ಮಾಡಿದ್ದಾರೆ?

ಗಣಿತದವನಾದ್ದರಿಂದ ಇನ್ನೊಂದು ಮಾತು ಹೇಳದೆ ಬಿಡಲಾರೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲೆ ಎಂಬ ಇಬ್ಬರು ಕಾಲೇಜು ಪ್ರವೇಶದ ಬಗ್ಗೆ ಏಳು ಪುಟದ ಒಂದು ಪ್ರಬಂಧ ಬರೆದರು. ಅದರ ತಿರುಳು ಇಷ್ಟೇ: ಯಾರ ಒಪ್ಪಿಗೆಯೂ ಕೊನೆಯ ಸುತ್ತಿನವರೆಗೆ ಅಂತಿಮವಲ್ಲ. ಎಲ್ಲರ ಸರದಿ ಮುಗಿಯುವವರೆಗೆ ಸೀಟನ್ನು ತಾತ್ಕಾಲಿಕವಾಗಿ ಹಿಡಿದಿಟ್ಟರೆ, ಒಬ್ಬರನ್ನೊಬ್ಬರು ಬಯಸಿಯೂ ತಪ್ಪಿಸಿಕೊಂಡ ವಿದ್ಯಾರ್ಥಿ–ಕಾಲೇಜಿನ ಜೋಡಿ ಒಂದೂ ಉಳಿಯುವುದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಅರ್ಧ ಗಂಟೆಯಲ್ಲಿ ಇದನ್ನು ತೋರಿಸಬಹುದು, ನಾನು ತೋರಿಸಿದ್ದೇನೆ. 2012ರಲ್ಲಿ ಶಾಪ್ಲೆಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆಲ್ವಿನ್ ರಾತ್ ಜೊತೆ. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಅಮೆರಿಕದ ನೂರಾರು ವಿಶ್ವವಿದ್ಯಾಲಯಗಳಿಗೆ ಕಂಪ್ಯೂಟರ್ ಹಂಚಿಕೆಯೂ ಇಲ್ಲ, ಬರೀ ಒಂದು ತಾರೀಖಿನ ಒಪ್ಪಂದವಿದೆ. ಧನಸಹಾಯದೊಂದಿಗೆ ಸೀಟು ಕೊಟ್ಟ ಸ್ನಾತಕೋತ್ತರ ವಿದ್ಯಾರ್ಥಿಯನ್ನು ಏಪ್ರಿಲ್ 15ಕ್ಕಿಂತ ಮೊದಲು ಉತ್ತರಿಸೆಂದು ಒತ್ತಾಯಿಸುವಂತಿಲ್ಲ. ಬಂದ ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಕೂಸು ಯೋಚಿಸಲಿ ಎಂದು ಬಿಡುತ್ತಾರೆ.

ಇಲ್ಲಿಯೂ ನಿಯಮಗಳಿಗೆ ಬರವಿಲ್ಲ. ಮೂಲ ದಾಖಲೆಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆ ಸೀಟು ಬಿಟ್ಟರೆ ಪೂರ್ತಿ ಶುಲ್ಕ ಮರಳಿಸಬೇಕು, ತಡವಾದಂತೆ ಶೇ 90, 80, 50 ಎಂದೂ ಹೇಳಿದೆ. 2024–25ಕ್ಕೆ ಸೆಪ್ಟೆಂಬರ್ 30ರವರೆಗೂ ಪೂರ್ತಿ ಮರಳಿಸಿ ಎಂದಿತು. ಆದರೆ ಕೌಂಟರಿನ ಈಚೆ ನಿಂತ ಹಳ್ಳಿಯ ತಂದೆ ಯುಜಿಸಿ ಸುತ್ತೋಲೆ ಓದಿ ವಾದಿಸುತ್ತಾನೆಯೇ? ಶಿಕ್ಷಕನಾದ ನನಗೇ ಅದು ಆಮೇಲೆ ಗೊತ್ತಾಯಿತು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಗೊಂದಲ ಬೇರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಆಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಸಂಪುಟ ಉಪಸಮಿತಿಯಿಂದ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂತು. ಎರಡು ವರ್ಷದ ಕೋರ್ಸಿಗೆ ಸೇರುವ ಹುಡುಗನಿಗೆ ತನ್ನ ಪದವಿಪತ್ರದ ಮೇಲೆ ಯಾವ ಹೆಸರಿರುತ್ತದೆ ಎಂದು ಅರ್ಜಿ ಹಾಕುವ ಮುನ್ನವೇ ಗೊತ್ತಿರಬೇಕಲ್ಲವೇ? ಉಳಿಸುವುದೋ ಬಿಡುವುದೋ, ಸರ್ಕಾರದ ವಿಚಾರ. ಪ್ರವೇಶದ ಹಂಗಾಮಿನ ನಡುವೆ ಆ ಮಾತು ತೇಲಿಬಿಡಬೇಡಿ.

ಹಾಸ್ಟೆಲಿನದ್ದೂ ಇದೇ ಪಾಡು. ಸೀಟು ಸಿಕ್ಕ ಮೇಲೆ ಹಾಸ್ಟೆಲ್ ಅರ್ಜಿ, ಅದರ ಪಟ್ಟಿ ಇನ್ನೆಂದೋ. ಹಾಸ್ಟೆಲ್ ಸಿಗದ ಅರ್ಹರಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟೆಂದು ಸಹಾಯಧನವಿದೆ, ಹತ್ತು ತಿಂಗಳಿಗೆ. ಅಷ್ಟರಲ್ಲಿ ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಉಣ್ಣುವುದು ಹೇಗೆಂದು ಯಾರಾದರೂ ಲೆಕ್ಕ ಹಾಕಿ ತೋರಿಸಲಿ. ಹಾಸ್ಟೆಲ್ ಇದೆಯೋ ಇಲ್ಲವೋ ತಿಳಿಸದ ಸೀಟು ನಮ್ಮಂಥವರಿಗೆ ಅರ್ಧ ಸೀಟು, ಅದರಲ್ಲೂ ಹೆಣ್ಣುಮಕ್ಕಳಿಗೆ.

ನನ್ನ ಬೇಡಿಕೆ ದೊಡ್ಡದಲ್ಲ. ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಮೊದಲ ಪಟ್ಟಿ ಒಂದೇ ದಿನ ಬರಲಿ. ಉತ್ತರಿಸಲು ಎಲ್ಲರಿಗೂ ಒಂದೇ ಕೊನೆಯ ದಿನವಿರಲಿ, ನಡುವೆ ಕನಿಷ್ಠ ಹತ್ತು ದಿನ ಬಿಡುವಿರಲಿ. ಪಟ್ಟಿಯಲ್ಲಿಲ್ಲದವರ ಕ್ರಮಸಂಖ್ಯೆಯನ್ನೂ ಹಾಕಲಿ. ಟಿಸಿಯನ್ನು ಕೊನೆಯ ಸುತ್ತು ಮುಗಿದ ಮೇಲಷ್ಟೇ ಕೇಳಲಿ. ಹಾಸ್ಟೆಲ್ ಪಟ್ಟಿ ಸೀಟಿನ ಪಟ್ಟಿಯ ಜೊತೆಗೇ ಬರಲಿ. ಹಲವು ವಿಶ್ವವಿದ್ಯಾಲಯಗಳು ಈಗಾಗಲೇ ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲ್ ಬಳಸುತ್ತಿವೆ, ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಡ.

ಹುಡುಗಿ ದುಬಾರಿಯದ್ದರಲ್ಲೇ ಓದುತ್ತಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳೆ. ಬೋರಮಾಳ ಇನ್ನೂ ಸೊಸೈಟಿಯಲ್ಲಿದೆ. ಮುಂದಿನ ವರ್ಷದ ಪ್ರವೇಶ ಪ್ರಕಟಣೆ ಹೊರಡುವ ಮುನ್ನ ಕುಲಪತಿಗಳನ್ನು ಒಮ್ಮೆ ಕೂಡಿಸಿ, ಕ್ಯಾಲೆಂಡರ್ ಮುಂದಿಟ್ಟು, ಆ ಎರಡು ತಾರೀಖು ಗೊತ್ತು ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ಕುಪ್ಪೇಲೂರು, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ